ಮುಖ ತೊಳೆದ ಬಳ್ಳಿಗಳು

ನಾಲೆ ಕಚೇರಿಯ ಇಂಜಿನಿಯರು ಜೀಪಿನಿಂದ ಇಳಿದು ಹೊಲದ ಬದುವಿಗೆ ಬಂದಾಗ ಕಲ್ಲಂಗಡಿ ಬಳ್ಳಿಗಳು, ಫೋಟೋ ತೆಗೆಸಿಕೊಳ್ಳಲು ಸಾಲಾಗಿ ನಿಂತ ಮಕ್ಕಳ ಹಾಗೆ, ತಲೆಯೆತ್ತಿ ನಗುತ್ತಿದ್ದವು. ಎಲೆ ಎಲೆಯ ಮೇಲೂ ನೀರ ಹನಿ. ಪಾತಿಯ ಮಣ್ಣು ಕಪ್ಪಗೆ, ತಣ್ಣಗೆ. ಅವರ ಹಿಂದೆಯೇ ಓಡಿಬಂದ ಸೊಸೆ ಬದುವಿನ ಮೇಲೇ ನಿಂತುಬಿಟ್ಟಳು. ನಿನ್ನೆ ಸಂಜೆ ಅವಳು ನೋಡಿ ಹೋದಾಗ ಇದೇ ಬಳ್ಳಿಗಳು ಒಗೆದು ಹಿಂಡಿ ಎಸೆದ ಬಟ್ಟೆಯ ಹಾಗೆ ಬಿದ್ದಿದ್ದವು.

ಬಾಡಿದ್ದನ್ನು ತೋರಿಸುವುದಕ್ಕೆಂದೇ ಅವರನ್ನು ಕರೆಸಿದ್ದು. ಈ ಬೆಳೆಗೆ ನಾಲೆಯಿಂದ ಒಂದು ಸರದಿ ನೀರು ಹೆಚ್ಚಿಗೆ ಕೊಡಿ ಎಂದು ಸೊಸೆ ಅರ್ಜಿ ಹಾಕಿದ್ದಳು. ಅರ್ಜಿಯ ಜೊತೆ ಹೊಲದ ನಕ್ಷೆ ಇಡಬೇಕು, ಬೆಳೆ ಯಾವುದು, ಬಿತ್ತಿದ್ದು ಯಾವಾಗ ಎಂದು ಬರೆಯಬೇಕು, ಕೆಳಗಿನ ಹೊಲದವರ ಒಪ್ಪಿಗೆ ಸಹಿ ತರಬೇಕು. ಆ ಸಹಿಗಾಗಿ ಅವಳು ಕೆಳಹೊಲದ ಮೀಸೆ ಮಾವನ ಮನೆಗೆ ತಿರುಗಿದ್ದು ಎಷ್ಟೆಂದರೆ, ಅವನ ನಾಯಿ ಬೊಗಳುವುದನ್ನು ಬಿಟ್ಟು ಬಾಲ ಅಲ್ಲಾಡಿಸಲು ಶುರು ಮಾಡಿತ್ತು. ಎಲ್ಲ ಮುಗಿದು ಉಳಿದದ್ದು ಇದೊಂದೇ ತಪಾಸಣೆ. ಹೊಲ ಒಣಗಿದೆ ಎಂದು ಇವರು ಬರೆದರೆ ನೀರು. ಇಲ್ಲದಿದ್ದರೆ ಮುಷ್ಟಿಗಾತ್ರದ ಕಾಯಿಗಳು ಮುಷ್ಟಿಗಾತ್ರಕ್ಕೇ ನಿಲ್ಲುತ್ತವೆ.

"ಅತ್ತೆ, ಏನ್ ಮಾಡಿಟ್ರಿ ಇದು?" ಸೊಸೆ ಪಿಸುಗುಟ್ಟಿದಳು.

ಅತ್ತೆ ಬದುವಿನ ತುದಿಯಲ್ಲಿ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಉಟ್ಟ ಬಟ್ಟೆಯ ಅಂಚೆಲ್ಲ ನೆನೆದು, ಬಹುಮಾನ ಗೆದ್ದವರ ಮುಖ ಮಾಡಿಕೊಂಡು ನಿಂತಿದ್ದಳು. "ದೊಡ್ಡೋರು ಹೊಲ ನೋಡೋಕೆ ಬರ್ತಾರೆ ಅಂದ್ಯಲ್ಲೇ. ಮನೆಗೆ ಯಾರಾದ್ರೂ ಬರೋವಾಗ ಮಕ್ಕಳ ಮುಖ ತೊಳೆಸಲ್ವಾ? ಹಾಗೇ ಬಾಡ್ಕೊಂಡು ಬಿದ್ದಿದ್ರೆ ನೋಡಿದೋರು ಏನಂತಾರೆ? ಈ ಮನೆ ಹೆಂಗಸ್ರು ಸೋಮಾರಿಗಳು ಅನ್ನಲ್ವಾ?"

"ಅಯ್ಯೋ ಅತ್ತೆ, ಬಾಡಿರೋದನ್ನ ನೋಡೋಕೇ ಅವರು ಬಂದಿರೋದು!"

"ಅದನ್ನ ಮೊದಲೇ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೇ?" ಅತ್ತೆಯ ಮುಖದ ಬಹುಮಾನ ಅಲ್ಲೇ ಜಾರಿಬಿತ್ತು. ಕೊಡ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

ಇಂಜಿನಿಯರು ಒಂದು ಎಲೆ ಮುಟ್ಟಿ, ಬೆರಳಿಗಂಟಿದ ಒದ್ದೆಯನ್ನು ನೋಡಿದರು. "ಇದಕ್ಕೆ ನೀರು ಸಾಲದಾ ಅಮ್ಮಾ? ನನ್ನ ಮನೆ ಕುಂಡದ ಗಿಡ ಕೂಡ ಇಷ್ಟು ಚೆನ್ನಾಗಿಲ್ಲ." ಆಮೇಲೆ ಸ್ವರ ಗಟ್ಟಿಯಾಯಿತು. "ನಿಮ್ಮ ಸರದಿ ಮುಗಿದು ಎಷ್ಟೋ ದಿನ ಆಯ್ತು. ಈ ನೀರು ಎಲ್ಲಿಂದ ಬಂತು? ನಾಲೆ ತೂಬು ಎತ್ತಿ ಬಿಟ್ಕೊಂಡ್ರಾ? ಹಾಗೇನಾದ್ರೂ ಆಗಿದ್ರೆ ಹೆಚ್ಚಿನ ನೀರಿನ ಮಾತು ಬಿಡಿ, ಇರೋ ಸರದಿನೂ ಹೋಗುತ್ತೆ."

ಸೊಸೆಗೆ ಗಂಟಲು ಒಣಗಿತು. ಇಡೀ ಹೊಲದಲ್ಲಿ ಆ ಗಳಿಗೆಗೆ ಒಣಗಿದ್ದು ಅದೊಂದೇ ಏನೋ ಅನ್ನಿಸಿತು.

ಆದರೆ ಅತ್ತೆ ಕೊಡವನ್ನು ಧಡ್ಡೆಂದು ಕೆಳಗಿಟ್ಟು ಮುಂದೆ ಬಂದಳು. "ಕದ್ದ ನೀರಾ? ನಮ್ಮನೆ ಬಟ್ಟೆ ಒಗೆದ ನೀರು ಸಾರ್ ಅದು! ಪಾತ್ರೆ ತೊಳೆದ ನೀರು, ನನ್ನ ಮಗನ ಸ್ನಾನದ ನೀರು. ಅವನಿಗಂತೂ ಇವತ್ತು ಮೈಗೆ ಸುರ್ಕೊಳ್ಳೋಕೂ ಬಿಡದೆ ಬಕೆಟ್ ಎತ್ಕೊಂಡು ಬಂದೆ. ಬಚ್ಚಲಲ್ಲಿ ನೊರೆ ಬಳ್ಕೊಂಡು ಇನ್ನೂ ಕೂಗ್ತಾ ಇದಾನೆ. ನಂಬಿಕೆ ಇಲ್ವಾ? ಮೂಸಿ ನೋಡಿ!"

ಇಂಜಿನಿಯರು ನಿಜವಾಗಿಯೂ ಬಗ್ಗಿದರು. ಎಲೆಗೆ ಮೂಗು ಹಚ್ಚಿದರು. ತೊಟ್ಟಿನ ಹತ್ತಿರ ಒಂದು ಸೋಪಿನ ಗುಳ್ಳೆ ಪುಟ್ಟ ಕಾಮನಬಿಲ್ಲನ್ನು ಒಳಗಿಟ್ಟುಕೊಂಡು ಕೂತಿತ್ತು; ಅವರ ಮೂಗಿಗೆ ತಾಗಿ ಪಟ್ಟೆಂದಿತು. ಅವರು ಸೀನಿದರು. ಕನ್ನಡಕ ಒರೆಸಿಕೊಂಡು ಮತ್ತೆ ಸೀನಿದರು. ಸೊಸೆಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡಳು.

ಅವರು ಜೀಪಿನಿಂದ ಮಣ್ಣು ತೆಗೆಯುವ ಕಬ್ಬಿಣದ ಕೊಳವೆ ತಂದು, ಬಳ್ಳಿಯ ಬುಡದ ಪಕ್ಕ ತಿರುಗಿಸಿ ಇಳಿಸಿ ಮೇಲೆತ್ತಿದರು. ಮೇಲೆ ಬೆರಳಷ್ಟು ಒದ್ದೆ. ಅದರ ಕೆಳಗಿನದೆಲ್ಲ ಬಿಳಿಚಿಕೊಂಡ ಪುಡಿ. ಅಂಗೈಗೆ ಸುರಿದುಕೊಂಡರೆ ಗಾಳಿಗೆ ಹಾರಿಯೇ ಹೋಯಿತು. ಹೊಲದ ಆಚೆ ತುದಿಗೂ ಹೋಗಿ ನೋಡಿದರು. ಅಲ್ಲಿಯೂ ಅದೇ ಕಥೆ. ಆಳದ ಬೇರಿಗೆ ಒಂದು ಹನಿಯೂ ಇಳಿದಿರಲಿಲ್ಲ.

"ಒಣಗಿದೆ," ಎನ್ನುತ್ತಲೇ ಬರೆದರು. "ಸೋಮವಾರ ಬೆಳಿಗ್ಗೆ ತೂಬು ಬಿಡಿಸ್ತೀನಿ, ಪೂರ್ತಿ ಒಂದು ಸರದಿ. ಆದ್ರೆ ಅಮ್ಮಾ, ಮುಂದಿನ ಸಲ ಅರ್ಜಿ ಹಾಕಿದಾಗ ಗಿಡಗಳನ್ನ ಇದ್ದ ಹಾಗೇ ಬಿಡಿ. ಬಾಡಿದ್ರೇನೇ ನಮಗೆ ಬರೆಯೋಕೆ ಸುಲಭ."

"ಅದು ಮಾತ್ರ ಆಗಲ್ಲ ಸಾರ್," ಎಂದಳು ಅತ್ತೆ. "ಅವೇನು ಭಿಕ್ಷೆ ಬೇಡ್ತಿದಾವಾ? ಪಾಲು ಕೇಳ್ತಿದಾವೆ. ಪಾಲು ಕೇಳೋರು ಸೋತ ಮುಖ ಹಾಕ್ಕೊಂಡು ಯಾಕೆ ನಿಲ್ಬೇಕು?"

ಇಂಜಿನಿಯರು ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಸೀನು. ಈ ಸಲ ಸೊಸೆಗೆ ತಡೆಯಲಾಗಲಿಲ್ಲ, ಅವರಿಗೂ ಆಗಲಿಲ್ಲ. ಇಬ್ಬರೂ ನಗುತ್ತಲೇ ಜೀಪಿನವರೆಗೆ ನಡೆದರು.

ಸೋಮವಾರ ತೂಬು ತೆರೆದಾಗ ಸೊಸೆ ಸಲಿಕೆ ಹಿಡಿದು ಹೊಲದ ಬಾಯಲ್ಲಿ ಕಾಯುತ್ತಿದ್ದಳು. ನೀರು ಒಮ್ಮೆಲೇ ಬರಲಿಲ್ಲ. ತರಗೆಲೆ, ಕಡ್ಡಿ, ಗಾಬರಿಬಿದ್ದ ಇರುವೆಗಳನ್ನು ಮುಂದೆ ತಳ್ಳಿಕೊಂಡು, ಸಿಕ್ಕ ಸಿಕ್ಕ ಬಿರುಕಿನಲ್ಲೆಲ್ಲ ಇಣುಕಿ, ನಿಂತು, ಮತ್ತೆ ಹೊರಡುತ್ತಿತ್ತು. ಅದರ ಮುಂದೆ ಅತ್ತೆ. ಬಾಗಿ, ಎರಡೂ ಕೈ ಚಾಚಿ, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ, ಆಗಷ್ಟೇ ನಡೆಯಲು ಕಲಿಯುತ್ತಿರುವ ಕೂಸನ್ನು ಕರೆಯುವ ಹಾಗೆ ನೀರನ್ನು ಕರೆಯುತ್ತಿದ್ದಳು: "ಬಾ ಬಾ ಬಾ... ಬಂದೇಬಿಟ್ಯಲ್ಲ... ಇನ್ನೊಂಚೂರು... ಬಾ!"