ತುಟಿಯಲ್ಲಿ ಗುಂಡುಸೂಜಿ

“ಅರ್ಧ ರೇಟಿಗಾದ್ರೆ ಸೇರ್ತೀನಿ” ಎಂದು ಫೋನಿಗೆ ಹೇಳಿದವಳೇ ಟೈಲರಮ್ಮ ಮೂರು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡಳು. ಎದುರಿಗೆ ಗುಂಡಿ ಹೊಲಿಯುತ್ತಿದ್ದ ಗಂಡ ಬೆರಗಾದ. ಅವಳು ಒಂದೇ ಮಾತಿಗೆ ಬಾಯಿ ಮುಚ್ಚಿದ್ದನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಆನ್‌ಲೈನ್ ಬಿಸಿನೆಸ್ ಸರ್ಟಿಫಿಕೇಟ್ ಕೋರ್ಸ್ ಮಾರುವವನು ಸ್ಪೀಕರಿನಲ್ಲಿ “ಆಗಲ್ಲ ಮೇಡಂ” ಅಂದ. ಅವಳು ಪ್ಯಾಂಟಿನ ಒಂದು ಕಾಲಿನ ಅಂಚು ಮಡಿಸಿದಳು. “ಇದು ಕಂಪನಿ ರೇಟು ಮೇಡಂ.” ಇನ್ನೊಂದು ಕಾಲನ್ನೂ ಮಡಿಸಿದಳು. ಹೊಸ ಮೆಷಿನ್ನಿಗೆಂದು ಕೂಡಿಟ್ಟ ದುಡ್ಡು ಒಂದು ಕಾಗದಕ್ಕೆ ಹೋಗುತ್ತದಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದ ಗಂಡನೂ ಈಗ ಫೋನಿನತ್ತ ಕಿವಿಗೊಟ್ಟ.

“ಮೇಡಂ, ಲೈನಲ್ಲಿದ್ದೀರಾ? ಸರಿ, ಅರ್ಧಕ್ಕೇ ಕೊಡ್ತೀನಿ. ಯಾರಿಗೂ ಹೇಳ್ಬೇಡಿ.”

ಅವಳು ಸೂಜಿ ತೆಗೆದು, “ಸಂಜೆ ಹೇಳ್ತೀನಿ” ಎಂದು ಫೋನಿಟ್ಟಳು.

“ಎಲ್ಲಿ ಕಲಿತೆ ಈ ಮೌನವ್ರತ?”

“ಅವ್ರದ್ದೇ ಮೊದಲ್ನೇ ಪಾಠ ರೀ, ಫ್ರೀ ತೋರ್ಸಿದ್ರು. ರೇಟು ಹೇಳಿದ್ಮೇಲೆ ಬಾಯಿ ಮುಚ್ಕೊಂಡಿರ್ಬೇಕಂತೆ.”

“ಕಲಿತಾಯ್ತಲ್ಲ, ಇನ್ನು ದುಡ್ಡು ಯಾಕೆ ಸುರೀಬೇಕು?”

ಅವಳು ಸೂಜಿಗಳನ್ನು ಮತ್ತೆ ತುಟಿಗಿಟ್ಟುಕೊಂಡು ಅವನನ್ನೇ ನೋಡುತ್ತ ನಿಂತಳು.

ಗಂಡ ಒಂದು ಗುಂಡಿ ಹೊಲಿದ. ಇನ್ನೊಂದಕ್ಕೆ ದಾರ ಪೋಣಿಸಲು ಹೋಗಿ ಕೈಬಿಟ್ಟ.

“ಆಯ್ತು ತಾಯಿ, ಸೇರ್ಕೋ. ಎರಡನೇ ಪಾಠ ನಂಗೂ ತೋರ್ಸು.”