ಮೂರನೆಯ ಸಾಲು

ಸಬ್ಬಸಿಗೆಯ ವಾಸನೆ ಬಂದರೆ ಈಗಲೂ ಜಮಖಂಡಿಯ ನಮ್ಮ ಹಿತ್ತಲು ನೆನಪಾಗುತ್ತದೆ. ದಸರೆ ಮುಗಿದಿತ್ತು. ನಾನು ದಾರ ಹಿಡಿದು ನಾಲ್ಕು ನೇರ ಸಾಲು ಮಾಡಿದ್ದೆ. ಅಜ್ಜಿ ಬೂದಿ ಬೆರೆಸಿಟ್ಟ ಬೀಜದ ಗಂಟು ಬಿಚ್ಚಿದಳು.

“ಎಲ್ಲಾ ಮೂಲಂಗಿ ಹಾಕೂನಬೇ,” ಎಂದೆ.

“ಬಾಣಂತನಕ್ಕ ಬರೂ ನಿಮ್ಮಕ್ಕ ಮೂಲಂಗಿ ತಿಂತಾಳೇನಲೇ? ನಿನಗ ಒಂದ ಸಾಲು. ಮೂರು ಸಾಲು ಆಕಿಗೆ ಸಬ್ಬಸಗಿ.”

ಎರಡು ಸಾಲು ಬಿತ್ತುವಷ್ಟರಲ್ಲಿ ಅಪ್ಪ ಅಕ್ಕನನ್ನು ಚಿಮ್ಮಡದ ಗಂಡನ ಮನೆಯಿಂದ ಕರೆತಂದ. ಹೊಟ್ಟೆ ಇಳಿದಿತ್ತು, ಮಡಿಲಲ್ಲಿ ಕೂಸು ಇರಲಿಲ್ಲ. ಅಜ್ಜಿ ಅವಳನ್ನು ಒಳಗೆ ಮಲಗಿಸಿ ಹಿತ್ತಲಿಗೆ ಮರಳಿದಳು.

“ಕೂಸು ಇಲ್ಲಲ್ಲ, ಇಲ್ಲಿ ಮೂಲಂಗಿ ಹಾಕ್ಲೇನಬೇ?”

“ಸಬ್ಬಸಗೀನ ಹಾಕೋದು. ಆಕಿ ಬಾಣಂತಿನ ಅದಾಳ.”

ಕೂಸಿಲ್ಲದ ಬಾಣಂತಿ ಹೇಗೆಂದು ನನಗೆ ತಿಳಿಯಲಿಲ್ಲ. ಅಜ್ಜಿ ತಾನೇ ಬಿತ್ತಿದಳು. ಬೀಜ ಗೆರೆ ಬಿಟ್ಟು ಬಿದ್ದು ಮೂರನೆಯ ಸಾಲು ಸೊಟ್ಟಗಾಯಿತು; ನಾನು ದಾರ ಸುತ್ತಿಟ್ಟೆ.