ಸರಕಾರದ ಎತ್ತು

ಉಚ್ಚೆಂಗೆಪ್ಪನ ಹತ್ತಿರ ಪರ್ಮಿಟ್ ಇರಲಿಲ್ಲ. ಕಂಪ್ಲಿ ಹೊಳೆಯಿಂದ ಒಂದು ಗಾಡಿ ಮರಳು ಹೇರಿಕೊಂಡು ಬರುತ್ತಿದ್ದವನನ್ನು ರಸ್ತೆ ಬದಿಯ ಪೊಲೀಸ್ ಔಟ್‌ಪೋಸ್ಟಿನವರು ಹಿಡಿದರು. ಅಷ್ಟರಲ್ಲಿ ಮರಳಿನ ಟಿಪ್ಪರು ಮೂರು ಅವನನ್ನು ದಾಟಿ ಹೋದವು. ತಡೆದು ಕೇಳುವಷ್ಟು ನಿಧಾನಕ್ಕೆ ಅವು ಹೋಗುತ್ತಿರಲಿಲ್ಲ.

ಗಾಡಿ, ಎತ್ತು ಔಟ್‌ಪೋಸ್ಟಿನ ಬೇವಿನ ಮರದ ಕೆಳಗೆ ನಿಂತವು. ಮರಳು ವಾರದೊಳಗೆ ಔಟ್‌ಪೋಸ್ಟಿನ ಹೊಸ ಕಕ್ಕಸಿನ ಗೋಡೆಯಾಯಿತು.

"ಲೇ ಉಚ್ಚೆಂಗಿ, ಮೇವು ಯಾರು ತರೋರು?" ಪೇದೆ ಹಂಪೇಶ್ ಕೇಳಿದ.

"ಹಿಡಿದೋರು ನೀವಲ್ರೀ ಸಾಹೇಬ್ರ."

"ಕೇಸು ಮುಗಿಯೋತನ ಎತ್ತು ನಿನ್ನವು. ಮೇವೂ ನಿಂದ. ಸತ್ತವೋ, ಸಾಕ್ಷಿ ನಾಶದ ಕೇಸು ಬೀಳ್ತದ ನೋಡು."

ಎರಡು ತಿಂಗಳು ಅವನು ದಿನಾ ಹುಲ್ಲು ಹೊತ್ತು ಬಂದ. ಎತ್ತಿಲ್ಲದೆ ಅವನಿಗೆ ಬೇರೆ ದುಡಿಮೆ ಇರಲಿಲ್ಲ. ಒಂದು ದಿನ ಬುಟ್ಟಿಗೆ ಸಗಣಿ ತುಂಬಿಕೊಂಡ.

"ಇಳಸು. ಅದೂ ಕೇಸಿನ ಮಾಲು."

"ಹುಲ್ಲು ನಂದು, ಸಗಣಿ ಸರಕಾರದ್ದೇನ್ರಿ?"

"ಕಾನೂನು ಹಂಗ ಐತಿ."

ಕೊನೆಗೆ ಕೋರ್ಟಿನ ಆದೇಶ ಬಂತು: ಗಾಡಿ, ಎತ್ತು ಸರಕಾರಕ್ಕೆ ಮುಟ್ಟುಗೋಲು; ಹದಿನೈದು ದಿನಕ್ಕೆ ಹರಾಜು. ತನ್ನ ಎತ್ತನ್ನು ತಾನೇ ಕೊಳ್ಳಲು ಉಚ್ಚೆಂಗೆಪ್ಪ ಹೆಂಡತಿ ಎರ್ರೆಮ್ಮನ ಬೆಂಡೋಲೆ ಅಡವಿಟ್ಟ. ಮರುದಿನ ಎಂದಿನಂತೆ ಹೊರೆ ಇಳಿಸಿದ.

"ಮುಟ್ಟಬ್ಯಾಡ! ಈಗ ಸರಕಾರಿ ಸ್ವತ್ತು. ಹೊರಗಿನ ಮೇವು ತಿಂದು ಏನಾರ ಆದ್ರ ಯಾರು ಜವಾಬ್ದಾರಿ? ಮೇವಿನ ಮಂಜೂರಾತಿಗೆ ಹೊಸಪೇಟೆಗೆ ಬರದೀವಿ."

"ಅಲ್ಲೀತನ?"

"ಸರಕಾರ ನೋಡ್ಕೊಂತೈತಿ."

"ಎಲ್ಲೈತ್ರಿ ಅದು? ಕರೀರಿ, ಒಂದು ಸಿವುಡು ಹುಲ್ಲಾರ ಹಾಕಲಿ."

ಹಂಪೇಶ್ ಲಾಠಿ ತೋರಿಸಿದ. ಉಚ್ಚೆಂಗೆಪ್ಪ ಹೊರೆಯನ್ನು ಗೇಟಿನಾಚೆ ಇಟ್ಟುಕೊಂಡು ಕುಳಿತ. ಎತ್ತುಗಳು ಅದನ್ನೇ ನೋಡುತ್ತ ಹಗ್ಗ ಜಗ್ಗಿದವು. ಬಾಯಿಗೆ ಎಟುಕುವ ಬೇವಿನ ಸೊಪ್ಪು ಮುಗಿಯಿತು. ಒಂಬತ್ತನೇ ದಿನ ಕರಿ ಎತ್ತು, ಮೈದಾ ಅಂಟಿನಲ್ಲಿ ಮರಕ್ಕೆ ಹಚ್ಚಿದ್ದ ಹರಾಜಿನ ನೋಟೀಸನ್ನು ಕಿತ್ತು ತಿಂದಿತು. ನೋಟೀಸಿಲ್ಲದೆ ಹರಾಜು ನಡೆಯುವಂತಿಲ್ಲ, ಮುಂದಕ್ಕೆ ಹೋಯಿತು.

ಮಂಜೂರಾತಿ ಒಂದು ತಿಂಗಳಿಗೆ ಬಂತು. ಅದನ್ನು ಫೈಲಿಗೆ ಸೇರಿಸಿ, ಉಚ್ಚೆಂಗೆಪ್ಪನ ಸಾಕ್ಷಿ ಸಹಿಗೆ ಜಾಗ ಬಿಟ್ಟು, ಹಂಪೇಶ್ ಸರಕಾರಕ್ಕಾದ ನಷ್ಟ ಬರೆದ:

ನೋಟೀಸು, ಒಂದು. ಎತ್ತು, ಎರಡು.